ನಡುಬಾಗಿಲ ಮೇಜು

ಮಡಿಕೇರಿ, ಜೂನ್ 27, 1955

ಊಟಕ್ಕೆ ನನಗೆ ಮೇಜು ಕೊಟ್ಟಿದ್ದಾರೆ, ಜೊತೆಗೊಂದು ಕುರ್ಚಿ. ಈ ಹಾಸ್ಟೆಲಿನಲ್ಲಿ ಮತ್ತಾರಿಗೂ ಅದಿಲ್ಲ.

ಇಲ್ಲಿಯ ಏರ್ಪಾಡು ಹೀಗಿದೆ. ಅಡುಗೆಮನೆಗೆ ತಾಗಿದ ಹಾಲ್‌ನಲ್ಲಿ ದುಡ್ಡು ಕಟ್ಟಿ ಇರುವವರ ಸಾಲು. ಕುಶಾಲನಗರ, ಸೋಮವಾರಪೇಟೆ ಕಡೆಯ ಬೇಸಾಯಗಾರರ ಮಕ್ಕಳು. ಹೊರಗೆ ಜಗಲಿಯಲ್ಲಿ ಸರ್ಕಾರದ ಗ್ರಾಂಟಿನವರ ಸಾಲು. ಹರಿಜನ ಹುಡುಗರು, ಎಸ್ಟೇಟಿನ ಕೂಲಿ ಲೈನುಗಳಿಂದ ಬಂದವರು. ಎರಡಕ್ಕೂ ನಡುವೆ ಒಂದು ಅಗಲವಾದ ಬಾಗಿಲು. ನನ್ನ ಮೇಜು ಆ ಬಾಗಿಲಲ್ಲೇ, ಅರ್ಧ ಒಳಗೆ ಅರ್ಧ ಹೊರಗೆ.

ವಾರ್ಡನ್ ಬೆಳ್ಯಪ್ಪನವರು ಮಿಲಿಟರಿಯಲ್ಲಿ ಸುಬೇದಾರರಾಗಿದ್ದವರು. ನನ್ನ ಕೆಂಚು ಕೂದಲು, ಬೆಕ್ಕಿನ ಕಣ್ಣು ನೋಡಿದರು. ಹಾಲ್ ಕಡೆ ನೋಡಿದರು, ಜಗಲಿ ಕಡೆ ನೋಡಿದರು, ಮೀಸೆ ತಿರುವಿದರು. ಆಮೇಲೆ ಅಡುಗೆಯ ರೇವಣ್ಣನನ್ನು ಕರೆದು, ಆಫೀಸಿನ ಮೂಲೆಯಲ್ಲಿ ಬಿದ್ದಿದ್ದ ಮೇಜು ತರಿಸಿದರು. ದೊರೆಯ ಮಗನಿಗೆ ನೆಲದ ಮೇಲೆ ಕೂತು ಅಭ್ಯಾಸವಿರಲಾರದು ಎಂದು ಅವರಿಗೆ ತಾನಾಗಿ ಹೊಳೆದಿದೆ. ಮಿಲಿಟರಿಯವರಿಗೆ ಮನುಷ್ಯರ ಅಂತಸ್ತು ಗೊತ್ತಾಗುತ್ತದೆ.

ಹಿಂದೆ ಓದಿದ ಬೋರ್ಡಿಂಗಿನಲ್ಲಿ ನಾವೂ ನೆಲದ ಮೇಲೇ ಕೂತು ಉಣ್ಣುತ್ತಿದ್ದದ್ದು. ಅದು ಇಲ್ಲಿ ಯಾರಿಗೂ ತಿಳಿಯಬೇಕಾಗಿಲ್ಲ.

ನಾನೂ ಗ್ರಾಂಟಿನ ಹುಡುಗನೇ, ಆದರೆ ಅವರ ಹಾಗಲ್ಲ. ಅಮ್ಮತ್ತಿ ಹತ್ತಿರದ ಎಸ್ಟೇಟಿನ ದೊರೆಯಾಗಿದ್ದ ನನ್ನ ತಂದೆಯವರು ಸ್ವಾತಂತ್ರ್ಯ ಬಂದ ವರ್ಷ ಇಂಗ್ಲೆಂಡಿಗೆ ಹೋದರು. ಮೈಸೂರಿನ ಮಿಷನ್ ಬೋರ್ಡಿಂಗಿನಲ್ಲಿ ಎಸ್.ಎಸ್.ಎಲ್.ಸಿ. ಮುಗಿಯುವ ತನಕ ನನ್ನ ಖರ್ಚು ಅವರದೇ. ಅಲ್ಲಿಗೆ ನಿಂತಿತು. ಪಾದ್ರಿಗಳು ಯಾರನ್ನೋ ಕಂಡು, ಹಿಂದುಳಿದವರಿಗೆಂದು ಕೊಡಗು ಸರ್ಕಾರ ಕೊಡುವ ಬಿಟ್ಟಿ ಜಾಗಗಳಲ್ಲಿ ಒಂದನ್ನು ನನಗೆ ಕೊಡಿಸಿದರು. ಈ ಜಾಗ ಉಳಿದರೆ ಇಂಟರ್ ಓದಬಹುದು. ಹೋದರೆ ಅವ್ವ ಇರುವ ಲೈನಿಗೆ ಹೋಗಿ ಕಾಫಿ ಹಣ್ಣು ಕುಯ್ಯಬೇಕು. ತಂದೆಯವರು ಕರೆಸಿಕೊಳ್ಳುವ ತನಕ ಮಾತ್ರ ಇದು. ಎಲ್ಲವೂ ತಾತ್ಕಾಲಿಕ.

ಎರಡೂ ಸಾಲಿನವರು ತುತ್ತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಮೊದಲ ದಿನವೇ ಇಷ್ಟು ಹೊಟ್ಟೆಕಿಚ್ಚು.

ಜುಲೈ 5

ನನಗೆ ಬೇರೆಯೇ ತಟ್ಟೆ. ಬಿಳಿ ಪಿಂಗಾಣಿಯದು, ನೀಲಿ ಅಂಚು. ಒಳಸಾಲಿನವರ ತಟ್ಟೆಗಳು ಅಡುಗೆಮನೆಯ ಹಲಗೆಯ ಮೇಲೆ, ಹೊರಸಾಲಿನವರವು ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ರಾಶಿ. ನನ್ನದೊಂದನ್ನು ಹಾಲ್‌ನ ಕಿಟಕಿಯ ಮೇಲೆ ಪ್ರತ್ಯೇಕವಾಗಿ ಇಡಿಸಿದ್ದಾರೆ, ಮಿಕ್ಕವುಗಳ ಜೊತೆ ಸೇರಿ ಪಿಂಗಾಣಿ ಚಕ್ಕೆ ಏಳದಿರಲಿ ಎಂದು ಕಾಣುತ್ತದೆ.

ರೇವಣ್ಣ ನನಗೆ ಬಡಿಸುವಾಗ ಒಂದು ಮೊಳ ಮೇಲಿಂದ ಸಾರು ಹುಯ್ಯುತ್ತಾನೆ. ತಟ್ಟೆಯಾಚೆ ಒಂದು ಹನಿ ಬೀಳುವುದಿಲ್ಲ. ಬೋರ್ಡಿಂಗಿಗೆ ಬಿಷಪ್ಪರು ಬಂದಾಗ ಬಡಿಸುತ್ತಿದ್ದ ಬಟ್ಲರನಿಗೂ ಈ ಕೈಚಳಕ ಇರಲಿಲ್ಲ.

ಪಕ್ಕದ ಮಂಚ ಕರಿಯನದು. ಕೊಡ್ಲಿಪೇಟೆ ಕಡೆಯವನು, ಹೊರಸಾಲು, ನನ್ನದೇ ಕ್ಲಾಸು. ಹರಳೆಣ್ಣೆ ಹಚ್ಚಿದ ತಲೆ. ಪಾಠವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಾನೆ. ಬೇರೆ ಮಂಚ ಕೊಡಿ ಎಂದು ವಾರ್ಡನ್ನರನ್ನು ಕೇಳಿದೆ. ಖಾಲಿ ಇಲ್ಲ ಅಂದರು. ಎರಡು ಮಂಚ ಖಾಲಿ ಇವೆ, ಒಳಸಾಲಿನವರ ರೂಮಿನಲ್ಲಿ.

ಜುಲೈ 19

ಇಂಗ್ಲಿಷ್ ಕ್ಲಾಸಿನಲ್ಲಿ ಲೆಕ್ಚರರು ನೇರವಾಗಿ ನನ್ನನ್ನೇ ಎಬ್ಬಿಸಿ, ಇವನು ಓದಲಿ, ಉಚ್ಚಾರಣೆ ಕೇಳಿ ಕಲಿತುಕೊಳ್ಳಿ ಅಂದರು. ಇದೇ ಆಗುತ್ತದೆ ಎಂದು ನಿನ್ನೆಯಿಂದಲೇ ಹೆದರಿದ್ದೆ. ನನ್ನ ಇಂಗ್ಲಿಷು ಎಷ್ಟು ಅಂತ ನನಗೆ ಗೊತ್ತು. ಬೋರ್ಡಿಂಗಿನಲ್ಲಿ ಪಾದ್ರಿಗಳೇ ಕನ್ನಡ ಮಾತಾಡುತ್ತಿದ್ದರು. ಮೊದಲ ಸಾಲಿನಲ್ಲೇ ಎಡವಿದೆ, ಎರಡನೆಯದರಲ್ಲಿ ನಿಂತೇಬಿಟ್ಟೆ. ಲೆಕ್ಚರರು ನನಗೆ ಜ್ವರ ಬಂದಿದೆಯೇ ಎಂದು ಕೇಳಿದರು.

ಹಿಂದಿನ ಬೆಂಚಿನಲ್ಲಿದ್ದ ಪುಟ್ಟರಾಜು, ಕುಶಾಲನಗರದ ಕಡೆಯವನು, ಒಳಸಾಲಿನ ಮುಖಂಡ, ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ದೊರೆಗಳಿಗೆ ಅವರಪ್ಪ ಮೂಗು ಮಾತ್ರ ಕೊಟ್ಟೋಗವ್ರೆ ಸಾರ್. ನಾಲಿಗೆ ಅವ್ವಂದೇ."

ಇಡೀ ಕ್ಲಾಸು ನಕ್ಕಿತು. ಕರಿಯನೂ ನಕ್ಕ. ಅವನು ನಕ್ಕಿದ್ದನ್ನು ನೋಡಿದೆ.

ಜುಲೈ 20

ಜ್ವರ ಎಂದು ಹೇಳಿ ಕ್ಲಾಸಿಗೆ ಹೋಗಲಿಲ್ಲ. ಮೇಜಿನ ಮುಂದೆ ಕೂತು ಗಂಜಿ ಕುಡಿದೆ. ಅಲ್ಲಿ ಯಾರೂ ಹತ್ತಿರ ಬರುವುದಿಲ್ಲ, ಅಷ್ಟು ಸಮಾಧಾನ.

ಸೆಪ್ಟೆಂಬರ್ 3

ಕೊಡವರ ಆಯುಧ ಹಬ್ಬ ಕೈಲ್‌ಪೊಳ್ದ್‌ಗೆ ರಜೆ. ವಾರ್ಡನ್ನರು ಕೋವಿ ಪೂಜೆಗೆ ತಮ್ಮ ಮನೆಗೆ ಹೋದರು. ರೇವಣ್ಣನೂ ಊರಿಗೆ ಹೋದ, ಹೋಗುವಾಗ ಅಡುಗೆಮನೆಗೆ ಬೀಗ ಹಾಕಿದ. ಹುಡುಗರೆಲ್ಲ ಖಾಲಿ. ಕೊಡ್ಲಿಪೇಟೆ ಕಡೆ ಎಲ್ಲೋ ಹೊಳೆ ಉಕ್ಕಿ ಬಸ್ಸು ನಿಂತಿದೆಯೆಂದು ಕರಿಯ ಉಳಿದ. ನಾನು ಎಲ್ಲಿಗೆ ಹೋಗಲಿ, ಉಳಿದೆ. ಹಾಸ್ಟೆಲಿನಲ್ಲಿ ನಾವಿಬ್ಬರೇ, ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ.

ಅವನು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅನ್ನ ಮಾಡಿದ, ಹುರುಳಿ ಸಾರು ಮಾಡಿದ, ಕೆಂಡದಲ್ಲಿ ಒಣಮೀನು ಸುಟ್ಟ. ವಾಸನೆಗೆ ನನ್ನ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ತಟ್ಟೆ ತಗೊಂಡು ಹೋಗಿ ಮೇಜಿನ ಮುಂದೆ ಕೂತೆ. ಅವನು ಅಲ್ಲಿಗೇ ತಂದು ಬಡಿಸಿದ. ಮೇಲಿಂದ ಹುಯ್ಯುವ ಕೈಚಳಕ ಅವನಿಗಿಲ್ಲ, ಸೌಟನ್ನು ತಟ್ಟೆಗೆ ಬಡಿಯುತ್ತಾನೆ. ಬಡಿಸಿ ಜಗಲಿಯಲ್ಲಿ ತನ್ನ ಜಾಗದಲ್ಲೇ ಕೂತ, ಹೊರಸಾಲಿನಲ್ಲಿ ಯಾವತ್ತೂ ಕೂರುವ ಕಂಬದ ಪಕ್ಕ, ಸಾಲೇ ಇಲ್ಲದಿದ್ದರೂ.

ಸ್ವಲ್ಪ ಹೊತ್ತಾದ ಮೇಲೆ ಅಂದ: "ಇವತ್ತು ಯಾರಿದಾರೆ ನೋಡಾಕೆ. ಕೆಳಿಕ್ ಬಂದು ಕೂತ್ಕ."

ನನಗೆ ಇಲ್ಲೇ ಅಭ್ಯಾಸ ಅಂದೆ.

"ಆ ಮೇಜು ಯಾಕ್ ಕೊಟ್ಟವ್ರೆ ಅಂತ ಗೊತ್ತೇನ್ಲಾ ನಿಂಗೆ?"

"ಗೊತ್ತು."

"ಗೊತ್ತಿದ್ರೆ ಸರಿ ಬುಡು," ಅಂದು ಮೀನಿನ ಮುಳ್ಳು ಬಿಡಿಸತೊಡಗಿದ. ಅವನ ತುಟಿಯ ಮೇಲೆ ಒಂಥರಾ ನಗು. ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರಬೇಕು. ಇನ್ನು ಮೇಲೆ ಅವನ ಜೊತೆ ಮಾತಿಲ್ಲ. ಮೀನು ಚೆನ್ನಾಗಿತ್ತು.

ಅಕ್ಟೋಬರ್ 24

ಕೊಡಗನ್ನು ಮೈಸೂರಿಗೆ ಸೇರಿಸುತ್ತಾರಂತೆ, ದೆಹಲಿಯಲ್ಲಿ ವರದಿ ಕೊಟ್ಟಿದ್ದಾರಂತೆ. ಊರಿನ ಹೋಟೆಲುಗಳಲ್ಲಿ ಅದೇ ಜಗಳ. ನಮ್ಮ ವಾರ್ಡನ್ನರಿಗೆ ಬೇರೆಯೇ ಚಿಂತೆ. ನಾಡು ಯಾರ ಕೈಗೆ ಹೋಗುವುದೋ ಗೊತ್ತಿಲ್ಲದ ಕಾಲದಲ್ಲಿ ಸರ್ಕಾರದವರು ಗ್ರಾಂಟು ತಿನ್ನುವ ಒಂದೊಂದು ಹಾಸ್ಟೆಲನ್ನೂ ನೋಡಿ ಹೋಗುತ್ತಿದ್ದಾರೆ. ಗ್ರಾಂಟಿನ ಷರತ್ತು ಒಂದೇ: ಎಲ್ಲ ಹುಡುಗರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಎರಡು ಸಾಲು ಕಂಡರೆ ಅಕ್ಕಿ ನಿಂತಿತು.

ಇವತ್ತು ಎಲ್ಲರನ್ನೂ ನಿಲ್ಲಿಸಿ ಡ್ರಿಲ್ ಮಾಡಿಸಿದರು. ಸೀಟಿ ಊದಿದ ಕೂಡಲೇ ಹೊರಸಾಲಿನವರು ತಟ್ಟೆ ಎತ್ತಿಕೊಂಡು ಒಳಗೆ ಬರಬೇಕು, ಒಳಸಾಲಿನವರು ಒಬ್ಬರು ಬಿಟ್ಟು ಒಬ್ಬರು ಜಾಗ ಬಿಡಬೇಕು. ತನಿಖೆಯ ಸಾಹೇಬರು ಬರುವ ದಿನ ಒಳಸಾಲಿನವರು ಮೊದಲೇ ಪೇಟೆಯ ಹೋಟೆಲಿನಲ್ಲಿ ಉಂಡು ಬಂದು, ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾರಂತೆ. ಪುಟ್ಟರಾಜುವಿನ ಏರ್ಪಾಡು. ಅವನ ಪಕ್ಕಕ್ಕೆ ಕರಿಯ ಬಂದಾಗ ಪಂಚೆ ಎತ್ತಿ ಕಟ್ಟಿಕೊಂಡ, ಕೆಸರು ದಾಟುವವನ ಹಾಗೆ. ಕರಿಯ ಬೇಕೆಂದೇ ಮೊಣಕಾಲು ಅಗಲಿಸಿ ಕೂತ.

ನನ್ನ ಜಾಗ ಯಾವುದು ಎಂದು ವಾರ್ಡನ್ನರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನವೆಂಬರ್ 9

ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೀಗಿರುವುದು ಅದಕ್ಕೆ.

ಸಾಹೇಬರು ನಾಳೆ ಬರಬೇಕಿತ್ತು. ಇವತ್ತೇ ಬಂದರು, ಬೆಳಗಿನ ಗಂಜಿಯ ಹೊತ್ತಿಗೆ, ಛತ್ರಿ ಹಿಡಿದು ನಡೆದುಕೊಂಡು. ಗೇಟಿನಲ್ಲಿ ಕಂಡ ಕೂಡಲೇ ವಾರ್ಡನ್ನರು ಸೀಟಿ ಊದಿದರು. ಡ್ರಿಲ್ ಚೆನ್ನಾಗಿ ಬಂತು. ಸಾಹೇಬರು ಮೆಟ್ಟಿಲು ಹತ್ತುವಷ್ಟರಲ್ಲಿ ಹಾಲ್‌ನಲ್ಲಿ ಒಂದೇ ಸಾಲು, ಪುಟ್ಟರಾಜು ಕಣ್ಣು ಮುಚ್ಚಿ ಕೂತಿದ್ದ, ದೇವರ ಧ್ಯಾನ ಮಾಡುವವನ ಹಾಗೆ. ಆ ಗಡಿಬಿಡಿಯಲ್ಲಿ ನನ್ನನ್ನು ಯಾರೂ ನೆನೆಯಲಿಲ್ಲ. ನಾನು ಬಾಗಿಲಲ್ಲಿ ಮೇಜಿನ ಹಿಂದೆ, ಕೈಯಲ್ಲಿ ಚಮಚ.

ಸಾಹೇಬರು ಖಾದಿ ಕೋಟಿನ ಸಣಕಲು ಮನುಷ್ಯ, ದಪ್ಪ ಕನ್ನಡಕ. ಒಳಗೆ ಬರಲು ಅವರು ನನ್ನ ಮೇಜನ್ನು ಬಳಸಿಕೊಂಡೇ ಬರಬೇಕಾಯಿತು. ಇದೇನು ಎಂದು ಕೇಳಿದರು. ವಾರ್ಡನ್ನರು, ಯುರೋಪಿಯನ್ನರ ಮಗ ಸಾರ್, ಅವನ ರೂಢಿ ಹಾಗೆ, ನಾವು ಸವಲತ್ತು ಮಾಡಿಕೊಟ್ಟಿದ್ದೇವೆ ಅಂದರು. ಸಾಹೇಬರು ನನ್ನ ಕಡೆ ತಿರುಗಿ, ಹೌದೇನಪ್ಪಾ ಅಂದರು. ಇಡೀ ಸಾಲು ನನ್ನನ್ನು ನೋಡುತ್ತಿತ್ತು. ಪುಟ್ಟರಾಜು ಒಂದು ಕಣ್ಣು ತೆರೆದಿದ್ದ.

ನಾನು ಎದ್ದು ನಿಂತು ಹೇಳಿದೆ: "ಹೌದು ಸಾರ್. ನಮ್ಮ ಕಡೆಯವರು ನೆಲದ ಮೇಲೆ ಕೂತು ಉಣ್ಣುವುದಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಜಾಗ ಇರೋದು ನೆಲವೂ ಗತಿಯಿಲ್ಲದವರಿಗೆ ಕಣಯ್ಯಾ. ಮೇಜಿನ ಮನೆತನದೋನು ನೀನು ಇಲ್ಲಿ ಏನು ಮಾಡ್ತಾ ಇದೀಯ?"

ಸುಂಟಿಕೊಪ್ಪದ ಕಡೆಯ ಲೈನಿನ ಹುಡುಗನೊಬ್ಬ ಜಾಗವಿಲ್ಲದೆ ಓದು ಬಿಟ್ಟಿದ್ದಾನಂತೆ. ನನ್ನ ಜಾಗ ಅವನಿಗೆ ಹೋಗಬೇಕು ಅಂದರು. ಹುತ್ತರಿ ಹಬ್ಬ ಕಳೆದು ಮತ್ತೆ ಬರುತ್ತೇನೆ, ಅಷ್ಟರಲ್ಲಿ ಇವನು ಯಾರ ಪೈಕಿ, ಯಾಕೆ ಇಲ್ಲಿರಬೇಕು ಎಂದು ಹೇಳುವವರು ಯಾರಾದರೂ ಬಂದು ಹೇಳಲಿ, ಇಲ್ಲದಿದ್ದರೆ ಜಾಗ ಬಿಡಲಿ.

ನಾನು ಹೇಳಿದ ಮಾತಿನಲ್ಲಿ ತಪ್ಪೇನಿತ್ತು. ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ನಿಂತಿದ್ದ ರೀತಿ ಸರಿ ಇರಲಿಲ್ಲವೇನೋ. ಚಮಚ ಕೆಳಗಿಟ್ಟು ಮಾತಾಡಬೇಕಿತ್ತು.

ನವೆಂಬರ್ 10

ವಾರ್ಡನ್ನರು ಆಫೀಸಿಗೆ ಕರೆಸಿದರು. ಬಾಗಿಲು ಮುಚ್ಚಿದರು.

"ನಿನ್ನ ತಾಯೀನ ಕರ್ಕೊಂಡು ಬಾ. ಬಂದು ಸಾಹೇಬರ ಮುಂದೆ ನಿಂತರೆ ಸಾಕು, ಕೂಲಿ ಮಾಡಿದ ಕೈ ನೋಡಿದರೆ ಗೊತ್ತಾಗ್ತದೆ. ಮೇಜಿನ ಸುದ್ದಿ ಮಾತ್ರ ನೀನು ಎತ್ತಬೇಡ ಮಾರಾಯ. ಎತ್ತಿದರೆ ಎಲ್ಲರ ಅಕ್ಕಿಗೂ ಕಲ್ಲು ಬೀಳ್ತದೆ."

ಮೇಜಿನ ಸುದ್ದಿಯಲ್ಲಿ ಎತ್ತುವಂಥದ್ದು ಏನಿದೆ ಎಂದು ಕೇಳಿದೆ. ಅವರು ಎದ್ದು ಬಾಗಿಲು ತೆರೆದರು. ಏನೂ ಇಲ್ಲ, ಹೋಗು ಅಂದರು.

ನವೆಂಬರ್ 20

ಮೂರ್ನಾಡು ದಾಟಿ, ವಿರಾಜಪೇಟೆಯಲ್ಲಿ ಬಸ್ಸು ಬದಲಾಯಿಸಿ ಅಮ್ಮತ್ತಿಗೆ ಹೋದೆ. ಭಾನುವಾರವಾದರೂ ಪಿಕ್ಕಿಂಗ್ ಇತ್ತು. ಈ ಸಲ ಹಣ್ಣು ಒಟ್ಟಿಗೇ ಕೆಂಪಾಗಿದೆಯಂತೆ. ಅವ್ವ ಸೊಂಟಕ್ಕೆ ಚೀಲ ಕಟ್ಟಿಕೊಂಡು ಗಿಡದೊಳಗಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ. ನಾನು ಶೂಸಿನಲ್ಲಿ ಜಾರುತ್ತಾ ಅವಳ ಹಿಂದೆ ಗಿಡದಿಂದ ಗಿಡಕ್ಕೆ ಹೋದೆ, ಸುತ್ತಲಿನ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಜವರಿ ಎಂಬ ಮುದುಕಿ, ಮುತ್ತೀ, ನಿನ್ ದೊರೆ ವಾಪಸ್ ಬಂದ ನೋಡು, ಈ ಸಲ ಸಣ್ಣಗಾಗವ್ನೆ ಅಂದಳು. ಅವ್ವನೂ ನಕ್ಕಳು. ಮಗನ ಬಗ್ಗೆ ಹೀಗೆ ಆಡಿಕೊಂಡರೆ ನಗುವ ತಾಯಿ.

ವಿಷಯ ಹೇಳಿದೆ. ಒಂದು ದಿನ ಬಂದು ನಿಂತರೆ ಸಾಕು ಅಂದೆ. ಹಾಜರಿ ಬರೆಯುವ ರೈಟರು ಬಿಡಲ್ಲ ಅಂದಳು. ಪಿಕ್ಕಿಂಗಿನಲ್ಲಿ ಒಂದು ದಿನ ತಪ್ಪಿದರೆ ಲೈನಿನ ಮನೆಗೆ ಬೇರೆಯವರನ್ನು ತರುತ್ತಾರೆ. ರೈಟರನ್ನು ನಾನು ಕೇಳುತ್ತೇನೆ ಅಂದೆ. ಅದಕ್ಕೆ ಅವಳಿಗೆ ಸಿಟ್ಟು ಬಂತು.

"ಬಂದು ಏನಂತ ಹೇಳ್ಲಿ? ದೊರೆ ಮಗ ಅನ್ಲಾ, ನನ್ ಮಗ ಅನ್ಲಾ? ಇಷ್ಟ್ ದಿನ ನೀನ್ ಯಾವ್ದು ಹೇಳ್ಕಂಡಿದ್ದೆ ಅಲ್ಲಿ?"

ನಾನು ಶೂಸಿನ ಕೆಸರನ್ನು ಕಲ್ಲಿಗೆ ಒರೆಸಿದೆ. ಅವಳು ಸ್ವಲ್ಪ ಹೊತ್ತು ಕುಯ್ದಳು. ಆಮೇಲೆ ಅಲ್ಲಿ ಊಟ ಹೆಂಗೆ ಎಂದು ಕೇಳಿದಳು. ಮೇಜಿನ ವಿಷಯ ಹೇಳಿದೆ, ಬೇರೆ ತಟ್ಟೆ ಕೊಟ್ಟಿರುವುದನ್ನು ಹೇಳಿದೆ, ಖುಷಿಯಾಗಲಿ ಎಂದು.

"ತಟ್ಟೆ ಎಲ್ಲಿ ಮಡಗ್ತಾರೆ?"

"ಕಿಟಕಿ ಮೇಲೆ."

ಅವಳ ಕೈ ಆಗ ನಿಂತಿತು.

"ದೊರೆ ಬಂಗ್ಲೇಲಿ ನನ್ ತಟ್ಟೇನೂ ಕಿಟಕಿ ಮ್ಯಾಲೇ ಇತ್ತು," ಅಂದಳು. ಚೀಲ ಸರಿ ಮಾಡಿಕೊಂಡು ಮುಂದಿನ ಗಿಡಕ್ಕೆ ಹೋದಳು.

ಬಸ್ಸಿನಲ್ಲಿ ನಿಂತೇ ಬಂದೆ. ಶೂಸು ಹಾಳಾಯಿತು.

ನವೆಂಬರ್ 21

ರೇವಣ್ಣ ಸಾರು ಹುಯ್ಯುವುದನ್ನು ನೋಡಿದೆ. ಒಳಗೆ ಪುಟ್ಟರಾಜುವಿಗೆ ಹುಯ್ಯುವಾಗ ಸೌಟು ತಟ್ಟೆಗೆ ತಾಗುತ್ತದೆ. ಊಟ ಸೇರಲಿಲ್ಲ.

ಡಿಸೆಂಬರ್ 5

ಎಲ್ಲ ಮುಗಿಯಿತು. ಮುಗಿಯಲಿಲ್ಲ. ಮೊದಲಿಂದ ಬರೆಯುತ್ತೇನೆ.

ಮಧ್ಯಾಹ್ನ ಸಾಹೇಬರು ಬಂದರು. ವಾರ್ಡನ್ನರು ಬೆಳಗ್ಗೆಯೇ ಮೇಜು ಎತ್ತಿಸಿಬಿಟ್ಟಿದ್ದರು. ಸಾಹೇಬರು ಅದನ್ನು ಇದ್ದಲ್ಲೇ ತಂದಿಡಿ ಅಂದರು. ತಂದಿಟ್ಟರು. ನನ್ನನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರು. ಮಿಕ್ಕವರೆಲ್ಲ ಡ್ರಿಲ್ಲಿನ ಪ್ರಕಾರ ಒಂದೇ ಸಾಲು, ತಟ್ಟೆಗಳಲ್ಲಿ ಅನ್ನ ಆರುತ್ತಿತ್ತು.

ನಿನ್ನ ಕಡೆಯವರು ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಸಾರ್ ಅಂದೆ. ನೀನೇ ಹೇಳುವುದು ಏನಾದರೂ ಇದೆಯೇ ಅಂದರು. ಇತ್ತು. ಎರಡು ವಾರದಿಂದ ಇತ್ತು. ಕಿಟಕಿ ನನ್ನ ಎದುರಿಗೇ ಕಾಣುತ್ತಿತ್ತು. ವಾರ್ಡನ್ನರು ಸೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದರು. ಆ ತಟ್ಟೆಯ ವಿಷಯ ಹೇಳಿದರೆ ಜಾಗ ಉಳಿಯುತ್ತದೆ, ಆದರೆ ಹೇಳಿದ ಮೇಲೆ ನಾನು ಈ ಹಾಲ್‌ನಲ್ಲಿ ಯಾರಾಗಿ ಓಡಾಡಲಿ. ಏನೂ ಇಲ್ಲ ಸಾರ್ ಅಂದೆ.

ಹಾಗಾದರೆ ತಿಂಗಳ ಕೊನೆಗೆ ಜಾಗ ಬಿಡು ಅಂದು ಅವರು ತಿರುಗಿದರು.

ಆಗ ಕರಿಯ ಸಾಲಿನಿಂದ ಎದ್ದ. ಕೈಯಲ್ಲಿ ಅನ್ನ ಕಲಸಿದ್ದು ಹಾಗೇ ಇತ್ತು.

"ಸಾರ್, ಅವ್ನು ಸುಳ್ಳು ಹೇಳ್ತಾವ್ನೆ. ಅವ್ನಿಗೆ ಮೇಜು ಕೊಟ್ಟಿರಾದು ದೊಡ್ಡೋನು ಅಂತಲ್ಲ. ಒಳಗಿನೋರು ಅವ್ನ ಪಕ್ಕ ಕೂರಲ್ಲ. ಜಗಲೀಲಿ ನಾವೂ ಜಾಗ ಬುಡ್ನಿಲ್ಲ, ನಮ್ಮೋನಲ್ಲ ಅಂತ. ಎಲ್ಲೂ ಸಲ್ದೋನಿಗೆ ಬಾಗ್ಲಲ್ಲಿ ಹಾಕವ್ರೆ. ಇವತ್ತು ಒಂದ್ ಸಾಲು ಅಂತ ಕಾಣಾದೂ ಸುಳ್ಳೇ. ಅವ್ನ ತಟ್ಟೆ ಎಲ್ಲಿ ಮಡಗ್ತೀರ ಅಂತ ರೇವಣ್ಣನ್ನ ಕೇಳಿ."

ಸಾಹೇಬರು ರೇವಣ್ಣನ ಕಡೆ ನೋಡಿದರು. ರೇವಣ್ಣನ ಕಣ್ಣು ಕಿಟಕಿಗೆ ಹೋಯಿತು. ಸಾಹೇಬರ ಕಣ್ಣೂ ಹೋಯಿತು. ನೀಲಿ ಅಂಚಿನ ತಟ್ಟೆ ಅಲ್ಲಿ ಒಂಟಿಯಾಗಿ ಬಿಸಿಲು ಕಾಯುತ್ತಿತ್ತು.

ಸಾಹೇಬರ ತೀರ್ಮಾನ ಇಷ್ಟು. ನನ್ನ ಜಾಗ ನನಗೇ. ಸುಂಟಿಕೊಪ್ಪದ ಹುಡುಗನಿಗೆ ಅವರು ಬೇರೆ ದಾರಿ ನೋಡುತ್ತಾರೆ. ಹಾಸ್ಟೆಲಿನ ಗ್ರಾಂಟು ಇವತ್ತಿನಿಂದ ತಡೆ. ದಿನಾ ಒಂದೇ ಸಾಲಿನಲ್ಲಿ ಉಣ್ಣುವುದನ್ನು ಅವರು ಹೇಳದೆ ಕೇಳದೆ ಬಂದು ನೋಡುತ್ತಾರೆ, ಒಪ್ಪಿಗೆಯಾದ ಮೇಲೆ ಬಿಡುಗಡೆ. ಅಲ್ಲಿಯ ತನಕ ಇದ್ದ ಅಕ್ಕಿಯಲ್ಲೇ ಸಾಗಿಸಬೇಕು.

ಕರಿಯನನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ. ಎಲ್ಲರ ಎದುರಿಗೆ, ಪುಟ್ಟರಾಜುವಿನ ಎದುರಿಗೆ, ಎಲ್ಲೂ ಸಲ್ಲದವನು ಅಂದ. ನನ್ನ ಪರವಾಗಿ ಮಾತಾಡು ಎಂದು ಅವನನ್ನು ಕೇಳಿದವರು ಯಾರು.

ಡಿಸೆಂಬರ್ 6

ಹೊರಸಾಲಿನವರು ಕರಿಯನ ಪೆಟ್ಟಿಗೆಯನ್ನು ಮೆಟ್ಟಿಲಿಂದ ಉರುಳಿಸಿದ್ದಾರೆ, ಹಾಸಿಗೆಯನ್ನು ಅಂಗಳಕ್ಕೆ ಎಸೆದಿದ್ದಾರೆ. ದೊರೆ ಮಗನಿಗೋಸ್ಕರ ನಮ್ಮೆಲ್ಲರ ಅನ್ನ ಕಳೆದೆ ಎಂದು ಬೈದದ್ದು ಕಾಲೇಜಿನ ತನಕ ಕೇಳಿಸಿರಬೇಕು. ಅವರು ಹೇಳುವುದೂ ಸರಿಯೇ. ಅವನು ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ, ಬಾಯಿಪಾಠದವನಿಗೆ ಬಾಯೇ ಇರಲಿಲ್ಲ.

ಹಾಸಿಗೆ ದಾರಿಗೆ ಅಡ್ಡ ಬಿದ್ದಿತ್ತು. ನಲ್ಲಿಗೆ ಹೋಗಲು ತೊಂದರೆಯಾಗುತ್ತದೆ ಎಂದು ಎತ್ತಿ ಅವನ ಮಂಚದ ಮೇಲೆ ಹಾಕಿದೆ. ಅವನು ಥ್ಯಾಂಕ್ಸ್ ಅಂದ. ದಾರಿಗೆ ಅಡ್ಡ ಇತ್ತು ಅಂದೆ.

1956, ಜನವರಿ 16

ರೇವಣ್ಣ ಕೆಲಸ ಬಿಟ್ಟು ಹೋದ. ಒಂದೇ ಸಾಲಿಗೆ ಬಡಿಸಿದ ಕೈ ಎಂದು ಅವನ ಊರಿನಲ್ಲಿ ಮಾತಾಯಿತಂತೆ. ಒಳಸಾಲಿನಲ್ಲಿ ಅರ್ಧ ಜನರನ್ನು ಅವರವರ ಅಪ್ಪಂದಿರು ಬಂದು ಕರೆದುಕೊಂಡು ಹೋದರು. ಪುಟ್ಟರಾಜುವಿನ ಅಪ್ಪನೂ ಬಂದಿದ್ದರು. ಪರೀಕ್ಷೆ ಮುಗಿಯುವ ತನಕ ಹೇಗೋ ಸಹಿಸಿಕೋ ಎಂದು ಬಿಟ್ಟುಹೋದರು. ದೇವರಿಗೆ ನನ್ನ ಮೇಲೆ ಕರುಣೆಯಿಲ್ಲ.

ಅಡುಗೆ ನಾವೇ. ಸೌದೆ ಒಬ್ಬರು, ನೀರು ಒಬ್ಬರು. ಕರಿಯ ಬೇಯಿಸುತ್ತಾನೆ, ನಾನು ಹೆಚ್ಚಿ ಬಡಿಸುತ್ತೇನೆ. ಹೆಚ್ಚುವುದಕ್ಕೆ ಮೇಜು ಅನುಕೂಲವಾಗಿದೆ, ಅಡುಗೆಮನೆಗೆ ಎಳೆದುಕೊಂಡೆವು. ಕರಿಯ ಉಪ್ಪು ಹಾಕಿ, ಹಾಕಿದ್ದು ಮರೆತು ಇನ್ನೊಂದು ಸಲ ಹಾಕುತ್ತಾನೆ. ಹೇಳಿದರೆ ನನಗೇ ಬೈಯುತ್ತಾನೆ. ಕುರುಡು ಬೆಕ್ಕು ಅನ್ನುತ್ತಾನೆ. ನಾನು ಎಣ್ಣೆ ತಲೆ ಅನ್ನುತ್ತೇನೆ.

ಅಕ್ಕಿ ಕಡಿಮೆ, ಗಂಜಿ ನೀರು. ಎಲ್ಲರೂ ಎಲ್ಲರಿಗೂ ಬೈಯುತ್ತಾರೆ, ಇದೊಂದರಲ್ಲಿ ಮಾತ್ರ ಭೇದವಿಲ್ಲ.

ಇವತ್ತು ಬಡಿಸುವಾಗ ಪುಟ್ಟರಾಜು ತಟ್ಟೆಯನ್ನು ನೆಲದ ಮೇಲೆ ದೂರ ತಳ್ಳಿ ಹೇಳಿದ: "ಮೇಲಿಂದ ಹುಯ್ಯೋ."

ನಾನು ಬಗ್ಗಿ, ಅವನ ತಟ್ಟೆಯ ಅಂಚನ್ನು ಎಡಗೈಯಲ್ಲಿ ಹಿಡಿದು, ಸೌಟು ತಾಗಿಸಿಯೇ ಹುಯ್ದೆ. ಅವನು ನನ್ನ ಮುಖ ನೋಡಿದ. ನಾನೂ ನೋಡಿದೆ. ಹಸಿವು ಹೆಚ್ಚಿತ್ತು ಅವನಿಗೆ. ಉಂಡ. ಉಂಡು, ಗಂಜಿ ತೆಳ್ಳಗಿದೆ, ನಿಮ್ಮಪ್ಪನ ಟೀ ಇದಕ್ಕಿಂತ ಗಟ್ಟಿ ಇರ್ತಿತ್ತೇನೋ ಅಂದ.

ಜನವರಿ 30

ಸಾಹೇಬರು ಹೇಳದೆ ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಆ ಹೊತ್ತಿಗೆ ಕರಿಯನಿಗೂ ನನಗೂ ಉಪ್ಪಿನ ಮೇಲೆ ಜಗಳ ನಡೆಯುತ್ತಿತ್ತು. ಅವರು ಕೂರಲು ಜಾಗ ಕೇಳಿದರು, ಸಾಲಿನಲ್ಲೇ ಜಾಗ ಮಾಡಿದೆವು. ಗಂಜಿ ಕುಡಿದು ಉಪ್ಪು ಜಾಸ್ತಿ ಅಂದರು. ಸಾಹೇಬರೂ ನನ್ನ ಪರವೇ.

ಗ್ರಾಂಟು ಮುಂದಿನ ತಿಂಗಳಿಂದ ಬರುತ್ತದಂತೆ.

ಫೆಬ್ರವರಿ 19

ಪಿಕ್ಕಿಂಗ್ ಮುಗಿಯಿತೆಂದು ಅವ್ವ ಬಂದಳು. ಬೇಕಾದಾಗ ಬರಲಿಲ್ಲ, ಎಲ್ಲ ಮುಗಿದ ಮೇಲೆ ಬಂದಳು, ಬಾಳೆಯೆಲೆಯಲ್ಲಿ ಸುತ್ತಿದ ಒಣಮೀನಿನ ಜೊತೆ. ಗೇಟಿನ ಹೊರಗೇ ನಿಂತಿದ್ದಳಂತೆ, ಎಷ್ಟು ಹೊತ್ತಿನಿಂದಲೋ. ಕರಿಯ ನೋಡಿ ಕರೆತಂದ. ಆಗಲೇ ಅವ್ವಾ ಅವ್ವಾ ಎಂದು ಅವಳ ಹಿಂದೆ ಸುತ್ತುತ್ತಿದ್ದ. ಅವನ ಅವ್ವನೋ ನನ್ನ ಅವ್ವನೋ.

ಊಟದ ಹೊತ್ತು. ವಾರ್ಡನ್ನರು ಅವಳನ್ನು ಕಂಡು ಮೀಸೆ ತಿರುವಿದರು. ಹಾಲ್ ಕಡೆ ನೋಡಿದರು, ಜಗಲಿ ಕಡೆ ನೋಡಿದರು. ಅವರ ಮುಖ ಕೆಂಪಾಗಿತ್ತು. ಪಾಪ, ಮರ್ಯಾದೆ ಮಾಡಬೇಕೆಂದೇ ಇರಬೇಕು, ಮೆಲ್ಲಗೆ ನನಗೆ ಹೇಳಿದರು: "ಬೆಂಜಮಿನ್, ಆ ಮೇಜು ತಂದು ಹಾಕು, ಅವರು ಅದರ ಮುಂದೆ ಕೂತು ಊಟ ಮಾಡ್ಲಿ."

"ಬೇಡ ಸಾರ್," ಅಂದೆ. "ನಮ್ಮ ಕಡೆಯವರು ನೆಲದ ಮೇಲೆ ಕೂತೇ ಉಣ್ಣುವುದು."

ಮೇಜಿನ ಮೇಲೆ ಹೆಚ್ಚಿದ ಕುಂಬಳಕಾಯಿ ಹರಡಿತ್ತು, ಅದನ್ನೆಲ್ಲ ಎತ್ತಿ ಒರೆಸಿ ಯಾರು ತರುತ್ತಾರೆ.

ಅವ್ವ ಸಾಲಿನಲ್ಲಿ ಕೂತಳು, ಕರಿಯನಿಗೂ ಪುಟ್ಟರಾಜುವಿಗೂ ನಡುವೆ. ಪುಟ್ಟರಾಜು ಜರುಗಿದ. ದೂರ ಜರುಗಿದನೋ ಜಾಗ ಬಿಟ್ಟನೋ ಗೊತ್ತಾಗಲಿಲ್ಲ. ಅವಳು ಸೆರಗನ್ನು ಮಂಡಿಯ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಆದಷ್ಟು ಚಿಕ್ಕವಳಾಗಿ ಕೂತಿದ್ದಳು. ನಾನು ಬಡಿಸಿದೆ. ಮೀನು ಎಲ್ಲರಿಗೂ ಒಂದೊಂದು ಚೂರು ಬಂತು, ಮೀನು ತಿನ್ನದವರ ಪಾಲು ಕರಿಯನಿಗೆ. ಪುಟ್ಟರಾಜುವೂ ಮೀನು ತಿನ್ನದವನು, ಮನೆಯಲ್ಲಿ. ಅವನ ಪಾಲು ಕರಿಯನಿಗೆ ಹೋಗಲಿಲ್ಲ.

ಉಂಡಾದ ಮೇಲೆ ಅವ್ವ ತಟ್ಟೆ ಹಿಡಿದುಕೊಂಡು ನಿಂತಳು. ಕಿಟಕಿಯನ್ನು ನೋಡುತ್ತಿದ್ದಳು. ಎಲ್ಲಿ ಮಡಗ್ಲಿ ಎಂದು ಕೇಳಿದಳು. ತೊಳೆದು ರಾಶಿಗೆ ಹಾಕು ಅಂದೆ. ಯಾವ ರಾಶಿ ಅಂದಳು. ಇರೋದು ಒಂದೇ ರಾಶಿ, ನೋಡಬಾರದಾ ಅಂದೆ. ಇವಳಿಗೆ ಒಂದು ಮಾತನ್ನು ಎರಡು ಸಲ ಹೇಳಬೇಕು.

ನಾಲ್ಕರ ಬಸ್ಸಿಗೆ ಹತ್ತಿಸಿ ಬಂದೆ.

ಸಂಜೆ ಊಟಕ್ಕೆ ನನ್ನ ನೀಲಿ ಅಂಚಿನ ತಟ್ಟೆ ಕಾಣಲಿಲ್ಲ. ರಾಶಿಯೆಲ್ಲ ಕೆದಕಿದೆ. ಕೊನೆಗೆ ನೋಡಿದರೆ ಪುಟ್ಟರಾಜು ಅದರಲ್ಲಿ ಉಣ್ಣುತ್ತಿದ್ದಾನೆ, ಗೊತ್ತಿದ್ದೋ ಗೊತ್ತಿಲ್ಲದೆಯೋ. ನನ್ನ ತಟ್ಟೆ ಕೊಡೋ ಅಂದೆ.

"ಉಂಡು ಕೊಡ್ತೀನಿ, ತಡಿಯೋ," ಅಂದ.